ಟುಬ್ಲಿ ನೌಕಾಶಾಸ್ತ್ರ: ಬಲವರ್ಧನ ಪ್ರಕರಣ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ಅನುಬಂಧ ಚತುಷ್ಟಯ ಇರಲೇಬೇಕೆಂಬುದು ಹಿರಿಯರ ಕಟ್ಟಪ್ಪಣೆ. ಈ ಗ್ರಂಥದ ವಿಷಯ, ರೇಡಿಯೊ ಆಜ್ಞೆಗೆ ಓಡುವ ಐದಡಿ ಉದ್ದದ ವಿದ್ಯುತ್ ಮಾದರಿ ದೋಣಿ. ಅಧಿಕಾರಿ, ಬಹ್ರೇನಿನ ಟುಬ್ಲಿಯಲ್ಲಿ ಬಾಡಿಗೆ ಫ್ಲ್ಯಾಟ್ ಹಿಡಿದಿರುವ ಕರಾವಳಿಯ ಕನ್ನಡಿಗ ಗೃಹಸ್ಥ. ಸಂಬಂಧ, ದೋಣಿಗೂ ಆ ಫ್ಲ್ಯಾಟಿನ ಊಟದ ಮೇಜಿಗೂ ಇರುವ ಆಧಾರ-ಆಧೇಯ ಭಾವ. ಪ್ರಯೋಜನದ ವಿಚಾರವನ್ನು ಗೃಹಿಣಿ "ಇದೆಂತಕ್ಕೆ ನಿಮಗೆ?" ಎಂಬ ಪೂರ್ವಪಕ್ಷದ ರೂಪದಲ್ಲಿ ಎತ್ತಿದ್ದಾಳೆ. ಸಿದ್ಧಾಂತಿ ಇನ್ನೂ ಉತ್ತರ ಬರೆಯುತ್ತಿದ್ದಾನೆ.

ಮೊದಲು ಪರಂಪರೆ. ಇದು ಮಕ್ಕಳಾಟಿಕೆ ಎನ್ನುವವರು ಕುವೈತಿನ ಅಸ್-ಸಬಿಯಾ ಕಡೆಗೆ ನೋಡಬೇಕು. ಅಲ್ಲಿನ ಎಚ್3 ಎಂಬ ನೆಲೆಯನ್ನು ಅಗೆದವರಿಗೆ ಸುಮಾರು 7000 ವರ್ಷ ಹಳೆಯ, ಸುಟ್ಟ ಮಣ್ಣಿನ ಪುಟ್ಟ ದೋಣಿಯೊಂದು ಸಿಕ್ಕಿತು. ಜೊತೆಗೆ ನೈಜ ದೋಣಿಗೆ ಬಳಿದಿದ್ದ ಡಾಂಬರಿನ ತುಂಡುಗಳೂ ಸಿಕ್ಕವು: ಒಂದು ಬದಿಯಲ್ಲಿ ಜೊಂಡಿನ ಅಚ್ಚು, ಇನ್ನೊಂದು ಬದಿಯಲ್ಲಿ ಸಮುದ್ರದ ಬಾರ್ನಕಲ್ ಚಿಪ್ಪು. ಅಂದರೆ ಹಗುರವಾದ ಒಡಲು ಕಟ್ಟಿ, ಮೇಲೆ ಅಂಟು ಬಳಿದು ನೀರಿಗಿಳಿಸುವ ವಿದ್ಯೆಯೂ, ಅದರ ಚಿಕ್ಕ ಪ್ರತಿಯನ್ನು ಮಾಡಿ ಮನೆಯಲ್ಲಿಡುವ ಚಟವೂ ಈ ಕೊಲ್ಲಿಯಲ್ಲಿ ಜೊತೆಜೊತೆಯಾಗಿಯೇ ಹುಟ್ಟಿವೆ. ಆ ಕಾಲದ ಗೃಹಿಣಿಯ ಅಭಿಪ್ರಾಯ ಮಾತ್ರ ಉತ್ಖನನದಲ್ಲಿ ದೊರೆತಿಲ್ಲ.

ಎರಡೂವರೆ ಅಡಿಯ ದೋಣಿಯಲ್ಲಿ ತೃಪ್ತಿಪಡಬಾರದೇ ಎಂಬುದು ಮುಂದಿನ ಆಕ್ಷೇಪ. ಇದಕ್ಕೆ ಗೆಲಿಲಿಯೊ ಸಾಕ್ಷಿ. 1638ರಲ್ಲಿ ಅಚ್ಚಾದ ಅವನ 'ಎರಡು ಹೊಸ ವಿಜ್ಞಾನಗಳು' ಶುರುವಾಗುವುದೇ ವೆನಿಸ್ಸಿನ ಹಡಗುಕಟ್ಟೆಯ ಮಾತಿನಿಂದ: ದೊಡ್ಡ ಹಡಗನ್ನು ನೀರಿಗಿಳಿಸುವಾಗ ಚಿಕ್ಕದಕ್ಕೆ ಬೇಡದ ಅಷ್ಟೊಂದು ಊರೆಗಳೇಕೆ? ಎಲ್ಲ ಅಳತೆಗಳನ್ನೂ ಇಮ್ಮಡಿ ಮಾಡಿದರೆ ತೂಕ ಎಂಟು ಪಟ್ಟಾಗುತ್ತದೆ. ಆ ತೂಕ ಹೊರುವ ಅಡ್ಡಕೊಯ್ತದ ವಿಸ್ತಾರ ಬರೀ ನಾಲ್ಕು ಪಟ್ಟು. ಉಳಿದ ಅಂತರಕ್ಕೆ ಶಾಸ್ತ್ರದಲ್ಲಿ 'ಬಲವರ್ಧನ' ಎಂದು ಹೆಸರು, ಸಂಸಾರದಲ್ಲಿ 'ಖರ್ಚು' ಎಂದು ಹೆಸರು.

ಬಲವರ್ಧನದ ವಿಧಿ ಹೀಗಿದೆ. ಪ್ಲೈವುಡ್ಡಿನ ಪಕ್ಕೆಲುಬುಗಳನ್ನು ನಿಲ್ಲಿಸಿ, ಮೂತಿಯಿಂದ ಹಿಂಬದಿಯವರೆಗೆ ಉದ್ದಪಟ್ಟಿ ಓಡಿಸಿ, ಮೇಲೆ ತೆಳುವಾದ ಹಲಗೆ ಹೊದಿಸಬೇಕು. ಮೋಟಾರು ಕೂರುವಲ್ಲಿ, ಚುಕ್ಕಾಣಿ ಸಿಕ್ಕಿಸುವಲ್ಲಿ ಹಲಗೆ ಎರಡು ಪದರವಿರಲಿ. ಮೂಲೆಗಳಿಗೆ ಮರದ ಹುಡಿ ಕಲಸಿದ ಎಪಾಕ್ಸಿಯನ್ನು ಬೆರಳಲ್ಲಿ ಸವರಬೇಕು. ಆಮೇಲೆ ಒಳಗೂ ಹೊರಗೂ ಫೈಬರ್‌ಗ್ಲಾಸ್ ಬಟ್ಟೆ. ಬಟ್ಟೆಯ ನೂಲು ದೋಣಿಯ ಉದ್ದಕ್ಕೆ 45 ಡಿಗ್ರಿ ಓರೆಯಾಗಿದ್ದರೆ ಒಡಲು ತಿರುಚಿಕೊಳ್ಳುವುದನ್ನು ಚೆನ್ನಾಗಿ ತಡೆಯುತ್ತದೆ. ಕಾರ್ಬನ್ ಫೈಬರ್ ಇನ್ನೂ ಗಟ್ಟಿ, ಆದರೆ ಅದು ರೇಡಿಯೊ ಅಲೆಯನ್ನು ತಡೆಯುತ್ತದೆ. ಆಂಟೆನಾವನ್ನು ಅದರೊಳಗೆ ಮುಚ್ಚಿಟ್ಟವನ ದೋಣಿ ಬಲು ದೃಢವಾಗಿರುತ್ತದೆ, ಮಾತು ಕೇಳುವುದಿಲ್ಲ.

ಇಲ್ಲಿ ಟುಬ್ಲಿಯ ದೇಶಕಾಲಗಳು ಅಡ್ಡ ಬರುತ್ತವೆ. ಉಷ್ಣತೆ 10 ಡಿಗ್ರಿ ಏರಿದರೆ ಕಲಸಿದ ಎಪಾಕ್ಸಿ ಗಟ್ಟಿಯಾಗುವ ಅವಧಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಜುಲೈಯ 40 ದಾಟಿದ ಬಿಸಿಲಲ್ಲಿ ಬಾಲ್ಕನಿಗೆ ಬಂದವನ ಬ್ರಷ್ಷು ದೋಣಿ ಮುಟ್ಟುವ ಮೊದಲೇ ಕಲ್ಲಾಗುವ ಸಂಭವವುಂಟು. ಬೇಸಿಗೆಯ ಮಧ್ಯಾಹ್ನ 12ರಿಂದ 4ರವರೆಗೆ ಬಯಲಿನ ದುಡಿಮೆಯನ್ನು ಬಹ್ರೇನಿನ ಕಾನೂನು ನಿಷೇಧಿಸಿದೆ. ತನ್ನನ್ನು ತಾನೇ ದುಡಿಸಿಕೊಳ್ಳುವ ಗೃಹಸ್ಥನ ಬಗ್ಗೆ ಅದು ಮೌನ. ಹೀಗಾಗಿ ಕಾರ್ಯಾಗಾರ ಹವಾನಿಯಂತ್ರಿತ ಊಟದ ಮನೆಗೆ ಸ್ಥಳಾಂತರವಾಗುತ್ತದೆ. ಮೇಲೆ ಹೇಳಿದ ಆಧಾರ-ಆಧೇಯ ಭಾವ ಹುಟ್ಟುವುದು ಇಲ್ಲಿಯೇ.

ಮೊಳೆ ಹೊಡೆಯಬಹುದೇ? ಭೋಜರಾಜನ ಹೆಸರಿನಲ್ಲಿರುವ 'ಯುಕ್ತಿಕಲ್ಪತರು' ಕೂಡದು ಎನ್ನುತ್ತದೆ: ಸಮುದ್ರದಲ್ಲಿರುವ ಅಯಸ್ಕಾಂತದ ಬಂಡೆಗಳು ಕಬ್ಬಿಣ ಬಿಗಿದ ಹಡಗನ್ನು ಎಳೆದುಕೊಳ್ಳುತ್ತವಂತೆ. ಆಧುನಿಕ ನಿರ್ಮಾತೃ ಈ ಗಂಡಾಂತರಕ್ಕಾಗಿ ಬಂಡೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಬ್ರಷ್‌ಲೆಸ್ ಮೋಟಾರಿನೊಳಗೆ ನಿಯೋಡಿಮಿಯಂ ಅಯಸ್ಕಾಂತವನ್ನು ಅವನೇ ತುಂಬಿಕೊಂಡು ಹೊರಟಿದ್ದಾನೆ. ಮೊಳೆಯಿಲ್ಲದ ಮಾರ್ಗ ಕಾಲ್ಪನಿಕವೂ ಅಲ್ಲ. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ 'ಐಎನ್‌ಎಸ್‌ವಿ ಕೌಂಡಿನ್ಯ'ದ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದಲೇ ಹೊಲಿಯಲಾಗಿದೆ. ಅಜಂತಾದ ಚಿತ್ರವೊಂದನ್ನು ನೋಡಿ ಕಟ್ಟಿದ ಆ ಹಡಗಿನ ನಡೆಯನ್ನು ಮದ್ರಾಸ್ ಐಐಟಿಯವರು ಮೊದಲು ಮಾದರಿಯ ಮೇಲೆ ಪರೀಕ್ಷಿಸಿದ್ದರು. 'ಐಐಟಿಯವರೂ ಇದನ್ನೇ ಮಾಡುತ್ತಾರೆ' ಎಂಬ ವಾಕ್ಯವನ್ನು ಗೃಹಸ್ಥನು ಕಂಠಪಾಠ ಮಾಡಿಟ್ಟುಕೊಳ್ಳತಕ್ಕದ್ದು.

ಈಗ ಪ್ರಾಣಪ್ರತಿಷ್ಠೆ. ಆರು ಕೋಶದ ಲಿಥಿಯಂ ಪಾಲಿಮರ್ ಬ್ಯಾಟರಿ 22.2 ವೋಲ್ಟ್ ಕೊಡುತ್ತದೆ. 100 ಆಂಪಿಯರ್ ಎಳೆದರೆ 2220 ವಾಟ್, ಸುಮಾರು ಮೂರು ಅಶ್ವಶಕ್ತಿ. ಅಂದರೆ 150 ವಾಟ್‌ನ ಸುಮಾರು ಹದಿನೈದು ವೆಟ್ ಗ್ರೈಂಡರುಗಳು ಒಟ್ಟಿಗೆ ದೋಣಿಯ ಹೊಟ್ಟೆಯಲ್ಲಿ ದೋಸೆಹಿಟ್ಟು ರುಬ್ಬಿದ ಹಾಗೆ. ಒಡಲು ಇದಕ್ಕೆ ನಡುಗುತ್ತದೆ. ನಡುಗಿದ್ದಕ್ಕೆ ಇನ್ನೊಂದು ಪಕ್ಕೆಲುಬು. ಪಕ್ಕೆಲುಬಿನಿಂದ ತೂಕ, ತೂಕದಿಂದ ದೊಡ್ಡ ಬ್ಯಾಟರಿ, ದೊಡ್ಡ ಬ್ಯಾಟರಿಯಿಂದ ಮತ್ತೆ ಪಕ್ಕೆಲುಬು. ತಾರ್ಕಿಕರು ಇದನ್ನು ಅನವಸ್ಥಾ ದೋಷವೆನ್ನುತ್ತಾರೆ, ಅಂಗಡಿಯವರು ಹಾಗೆನ್ನುವುದಿಲ್ಲ.

ರೇಡಿಯೊ ದೋಣಿಯ ಆದ್ಯಪ್ರವರ್ತಕ ನಿಕೊಲಾ ಟೆಸ್ಲಾ. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಕೊಳದಲ್ಲಿ ಅವನು ಬ್ಯಾಟರಿ ಹೊತ್ತ ದೋಣಿಯನ್ನು ದೂರದಿಂದಲೇ ಓಡಿಸಿದ; ನವೆಂಬರ್ 8ರಂದು ಅದಕ್ಕೆ 613,809 ಸಂಖ್ಯೆಯ ಪೇಟೆಂಟ್ ದೊರೆಯಿತು. 64ರ ಘನಮೂಲವೇನೆಂದು ಯಾರೋ ಕೇಳಿದಾಗ ದೋಣಿಯ ದೀಪ ನಾಲ್ಕು ಸಲ ಮಿನುಗಿತೆಂದು ಕಥೆಯಿದೆ. ಟುಬ್ಲಿಯ ದೋಣಿಗೆ ಇಷ್ಟು ಗಣಿತ ಬಾರದು. ಅದನ್ನು ಕೇಳುತ್ತಿರುವ ಪ್ರಶ್ನೆಯೂ ಘನಮೂಲದ್ದಲ್ಲ, ಒಟ್ಟು ಎಷ್ಟು ದಿನಾರ್ ಆಯಿತು ಎಂಬುದು.

ಜಲಾವತರಣಕ್ಕೆ ಪಕ್ಕದಲ್ಲೇ ಟುಬ್ಲಿ ಕೊಲ್ಲಿಯಿದೆ, ಆದರೆ ಶಾಸ್ತ್ರ ಸಮ್ಮತಿಸುವುದಿಲ್ಲ. ಇಳಿತದ ಹೊತ್ತಿಗೆ ಅಲ್ಲಿ ನೀರಿಗಿಂತ ಕೆಸರೇ ಹೆಚ್ಚು. ರಾಸ್ ಸನದ್‌ನಲ್ಲಿ ಕಾಂಡ್ಲಾ ಗಿಡಗಳ ಕೊನೆಯ ದೊಡ್ಡ ಗುಂಪು ಉಳಿದಿದೆ. ಚಳಿಗಾಲಕ್ಕೆ ರಾಜಹಂಸಗಳು ಬರುತ್ತವೆ. ಭರ್ತಿ ಮಣ್ಣು ಸುರಿದೂ ಸುರಿದೂ ಕಿರಿದಾದ ಈ ಕೊಲ್ಲಿ 1997ರಿಂದ ರಾಮ್ಸರ್ ಪಟ್ಟಿಯ ಜೌಗುನೆಲ. ಹದಿನೈದು ಗ್ರೈಂಡರುಗಳನ್ನು ಅಲ್ಲಿ ಬಿಡುವುದು ಪಾಪಕಾರ್ಯ. ಜೊತೆಗೆ, ಉಪ್ಪುನೀರು ಬೇರಿಂಗನ್ನು ತಿನ್ನುತ್ತದೆ. ಆದ್ದರಿಂದ ದೋಣಿಯ ಮೊದಲ ಯಾನ ಸ್ನಾನದ ತೊಟ್ಟಿಯಲ್ಲಿ ನಡೆಯಬೇಕು. ತೊಟ್ಟಿ ಐದಡಿಗಿಂತ ಚಿಕ್ಕದಾದ್ದರಿಂದ ಅದೂ ನಡೆಯದು.

ಸಿದ್ಧಾಂತ: ದೋಣಿಯನ್ನು ಊರಿಗೆ ಒಯ್ದು ಸಿಹಿನೀರಿನ ಕೆರೆಯಲ್ಲಿ ಬಿಡತಕ್ಕದ್ದು. ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳ ಮೊತ್ತ 158 ಸೆಂಟಿಮೀಟರ್ ಮೀರಬಾರದೆನ್ನುತ್ತವೆ. ಐದಡಿಯ ದೋಣಿ ಉದ್ದವೊಂದರಲ್ಲೇ 152 ತಲುಪುತ್ತದೆ. 5000 ಮಿಲಿ ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 111 ವಾಟ್-ಗಂಟೆ. 100 ದಾಟಿದ್ದರಿಂದ ಸಂಸ್ಥೆಯ ಅನುಮತಿ ಪಡೆದು ಕೈಚೀಲದಲ್ಲೇ ಒಯ್ಯಬೇಕು. ಒಡಲಿಗಿರುವುದು ಒಂದೇ ದಾರಿ: ನಟ್ಟನಡುವೆ ಗರಗಸದಿಂದ ಕೊಯ್ದು, ಎರಡೂ ಕಡೆ ಹೊಸ ಅಡ್ಡಗೋಡೆ ಕೂರಿಸಿ, ನಾಲ್ಕು ಬೋಲ್ಟಿನಲ್ಲಿ ಮತ್ತೆ ಜೋಡಿಸುವುದು. ಕೊಯ್ದ ಜಾಗ ದುರ್ಬಲವಾಗುವುದರಿಂದ ಅಲ್ಲಿ ಇನ್ನೆರಡು ಪದರ ಬಟ್ಟೆ ಬೇಕು, ಅದರ ತೂಕಕ್ಕೆ ಇನ್ನೊಂದು ಬ್ಯಾಟರಿ ಬೇಕು. ಈ ವಿಚಾರ ಎರಡನೆಯ ಸಂಪುಟದಲ್ಲಿ. ಅದರ ರಚನೆಗೆ ಊಟದ ಮೇಜು ಇನ್ನೊಂದು ವರ್ಷ ಬೇಕಾಗುತ್ತದೆಂದು ಗೃಹಿಣಿಗೆ ಅರ್ಜಿ ಸಲ್ಲಿಸಲಾಗಿದೆ.