ಗುದ್ದಿಸಿಕೊಳ್ಳಲೆಂದೇ ಮರುಹುಟ್ಟಿದವರಿಗೆ

ಕಾರ್ಮಗೆಡ್ಡನ್ ಎಂಬ ವಿಡಿಯೊ ಗೇಮಿನ ಊರೂರುಗಳ ಸಮಸ್ತ ಪಾದಚಾರಿ ಬಂಧುಗಳಿಗೆ ನಮಸ್ಕಾರಗಳು.

ಇತ್ತ ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮಸಮಾಚಾರಕ್ಕೆ ಆಗಾಗ ಪತ್ರ ಬರೆಯುತ್ತಿರಿ ಎಂದು ಸೇರಿಸುವುದು ವಾಡಿಕೆ. ನಿಮ್ಮ ಮಟ್ಟಿಗೆ ಆ ಸಾಲನ್ನು ಕೈಬಿಟ್ಟಿದ್ದೇನೆ. ನೀವು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಮ್ಯಾಕ್ಸ್ ಡ್ಯಾಮೇಜ್ ಎಂಬ ಮಹಾನುಭಾವ ತನ್ನ ಕೆಂಪು ಈಗಲ್ ಕಾರನ್ನು ಫುಟ್‌ಪಾತ್ ಹತ್ತಿಸಿರುತ್ತಾನೆ.

ಮೊದಲಿಗೆ ನಿಮ್ಮ ಮರುಹುಟ್ಟಿಗೆ ತಡವಾದ ಅಭಿನಂದನೆಗಳು. ನಿಮ್ಮನ್ನು ಹುಟ್ಟಿಸಿದ್ದು ಇಂಗ್ಲೆಂಡಿನ ದಕ್ಷಿಣ ತೀರದಾಚೆಯ ಐಲ್ ಆಫ್ ವೈಟ್ ದ್ವೀಪದ ಸ್ಟೇನ್‌ಲೆಸ್ ಕಂಪನಿ. ಕೈಯಿಂದ ಕೈಗೆ ಹೋಗಿ ಜಪಾನಿನ ಸ್ಕ್ವೇರ್ ಎನಿಕ್ಸ್ ಪಾಲಾಗಿದ್ದ ನಿಮ್ಮ ಹಕ್ಕುಗಳನ್ನು ಅದೇ ಕಂಪನಿ 2011ರಲ್ಲಿ ಮರಳಿ ಕೊಂಡಿತು. ನಿಮ್ಮ ಹಕ್ಕುಗಳು ಎಂದಾಗ ಹಿಗ್ಗಬೇಡಿ. ನಿಮ್ಮನ್ನು ಗುದ್ದುವ ಹಕ್ಕುಗಳು ಎಂದು ಓದಿಕೊಳ್ಳಿ. ಮರುವರ್ಷ ಮೇ ತಿಂಗಳಲ್ಲಿ ಅವರು ಕಿಕ್‌ಸ್ಟಾರ್ಟರ್ ಎಂಬ ಚಂದಾ ಎತ್ತುವ ಜಾಲತಾಣದಲ್ಲಿ ಜೋಳಿಗೆ ಹಿಡಿದು 4 ಲಕ್ಷ ಡಾಲರ್ ಕೇಳಿದರು. 15 ಸಾವಿರಕ್ಕೂ ಹೆಚ್ಚು ಮಂದಿ ಸೇರಿ 6,25,143 ಡಾಲರ್ ಹಾಕಿದರು. ಗುರುತು ಪರಿಚಯವಿಲ್ಲದವರ ಜೀವ ಉಳಿಸಲು ಜನ ಇಷ್ಟು ಧಾರಾಳಿಗಳಾಗುವುದು ಅಪರೂಪ. ಎಲ್ಲರದೂ ಒಂದೇ ಷರತ್ತು: ಬದುಕಿಸಿ, ಆಮೇಲೆ ನಮ್ಮ ಕೈಗೆ ಕೊಡಿ.

ನಿಮ್ಮ ವಂಶಾವಳಿಯೂ ಸಣ್ಣದೇನಲ್ಲ. 1976ರಲ್ಲಿ ಅಮೆರಿಕದ ಎಕ್ಸಿಡಿ ಕಂಪನಿ ‘ಡೆತ್ ರೇಸ್’ ಎಂಬ ಆರ್ಕೇಡ್ ಆಟ ತಂದಾಗ ನಿಮ್ಮ ಮುತ್ತಜ್ಜ ನಾಲ್ಕಾರು ಬಿಳಿ ಕಡ್ಡಿಗಳ ಗೊಂಬೆ. ಕಾರು ತಗುಲಿದರೆ ಒಂದು ಕಿರುಚು, ಬಿದ್ದ ಜಾಗದಲ್ಲೊಂದು ಶಿಲುಬೆ. ಆ ಶಿಲುಬೆ ಅಲ್ಲೇ ನಿಂತು ಮುಂದೆ ಬರುವ ಕಾರಿಗೆ ಅಡ್ಡವಾಗುತ್ತಿತ್ತು. ಸತ್ತ ಮೇಲೂ ಟ್ರಾಫಿಕ್ ತಡೆಯುವಷ್ಟು ಮರ್ಯಾದೆ ನಿಮ್ಮ ಮನೆತನಕ್ಕೆ ಆಮೇಲೆಂದೂ ಸಿಗಲಿಲ್ಲ. ಗಲಾಟೆಯೆದ್ದಾಗ ಕಂಪನಿಯವರು, ಅವು ಮನುಷ್ಯರೇ ಅಲ್ಲ, ಗ್ರೆಮ್ಲಿನ್ ಎಂಬ ಪೀಡೆಗಳು ಎಂದುಬಿಟ್ಟರು. ನಿಮ್ಮವರ ಮನುಷ್ಯತ್ವ ರದ್ದಾದದ್ದು ಅದೇ ಮೊದಲು. ಆಟದ ಮೊದಲ ಹೆಸರು ‘ಪೆಡೆಸ್ಟ್ರಿಯನ್’ ಎಂದೇ ಇತ್ತೆಂಬುದನ್ನು ಅವರು ಮರೆತಿರಬೇಕು.

ಇನ್ನು ನಿಮ್ಮ ಸ್ವಂತ ಜನನ. ಸ್ಟೇನ್‌ಲೆಸ್‌ನವರು ಕಟ್ಟಲು ಹೊರಟಿದ್ದು ಕಾರಿಗೆ ಕಾರು ಡಿಕ್ಕಿ ಹೊಡೆಯುವ ಸಾಧು ಆಟ. ಪ್ರಕಾಶಕರಾದ ಎಸ್‌ಸಿಐನವರಿಗೆ ಒಂದು ಸಿನಿಮಾದ ಹೆಸರು ಬೇಕಿತ್ತು. ‘ಮ್ಯಾಡ್ ಮ್ಯಾಕ್ಸ್’ ಸಿಗಲಿಲ್ಲ. 1975ರ ‘ಡೆತ್ ರೇಸ್ 2000’ಕ್ಕೆ ಕೈಹಾಕಿದರು, ಅದೂ ತಪ್ಪಿತು. ಹೆಸರು ಹೋದರೂ, ದಾರಿಹೋಕರನ್ನು ಉರುಳಿಸಿದವನಿಗೆ ಅಂಕ ಎಂಬ ಆ ಚಿತ್ರದ ಉಪಾಯ ಮಾತ್ರ ಕಂಪನಿಯಲ್ಲೇ ಉಳಿದುಕೊಂಡಿತು. ವ್ಯವಹಾರ ಮುರಿದುಬಿದ್ದ ಕಡೆ ನೀವು ಹುಟ್ಟಿದಿರಿ.

1997ರ ಆ ಆಟದಲ್ಲಿ ಗೆಲ್ಲಲು ಮೂರು ದಾರಿ. ಸುತ್ತುಗಳನ್ನು ಮುಗಿಸಬಹುದು, ಎದುರಾಳಿಗಳ ಕಾರುಗಳನ್ನೆಲ್ಲ ನುಜ್ಜುಗುಜ್ಜು ಮಾಡಬಹುದು, ಇಲ್ಲವೇ ಊರಿನಲ್ಲಿ ಒಬ್ಬರೂ ಉಳಿಯದಂತೆ ನಿಮ್ಮನ್ನು ಮುಗಿಸಬಹುದು. ಪರದೆಯ ಮೇಲೆ ಗಡಿಯಾರ ಇಳಿಯುತ್ತಲೇ ಇರುತ್ತದೆ. ನಿಮ್ಮಲ್ಲೊಬ್ಬರಿಗೆ ಬಂಪರ್ ತಾಗಿತೋ, ಒಂದಷ್ಟು ಸೆಕೆಂಡು ಜಮಾ. ಮೂಲೆಯ ಪುಟ್ಟ ಚೌಕದಲ್ಲಿ ಚಾಲಕನ ಮುಖ. ನೀವು ಬಾನೆಟ್ ಮೇಲೆ ಹಾರಿದಾಗ ಅವನು ಹಲ್ಲು ಕಿರಿಯುತ್ತಾನೆ. ನಿಮ್ಮಲ್ಲಿ ವಯಸ್ಸಾದವರೊಬ್ಬರು ‘ನಾನು ಯುದ್ಧದಲ್ಲಿದ್ದೆ’ ಎಂದು ಕೂಗುವುದುಂಟು. ಅದಕ್ಕೆ ಹೆಚ್ಚುವರಿ ಸೆಕೆಂಡೇನೂ ಇಲ್ಲ. ಒಂದು ಪೀಪಾಯಿಗೆ ಕಾರು ತಾಗಿಸಿದರೆ ನಿಮ್ಮ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು, ಇನ್ನೊಂದಕ್ಕೆ ನೀವು ಕುರುಡರಾಗುತ್ತಿದ್ದಿರಿ. ಆಗಿನ್ನೂ ಕಾರು, ಸೇತುವೆ, ಕಟ್ಟಡಕ್ಕೆಲ್ಲ ಮೂರು ಆಯಾಮ, ನಿಮಗೆ ಮಾತ್ರ ಎರಡು. ಗುದ್ದುವ ಮೊದಲೇ ಚಪ್ಪಟೆಯಾಗಿದ್ದವರು ನೀವು.

(ಇಲ್ಲಿ ನಿಮ್ಮನ್ನು ಬೆಂಗಳೂರಿನಲ್ಲಿ ರಸ್ತೆ ದಾಟುವವರ ಜೊತೆ ಹೋಲಿಸಲು ಕೈ ತುರಿಸುತ್ತದೆ. ಬೇಡ. ನಿಮಗೆ ಫುಟ್‌ಪಾತ್ ಇತ್ತು.)

ನಿಮ್ಮ ಪರವಾಗಿ ಮೊದಲು ಎದ್ದು ನಿಂತದ್ದು ಸಿನಿಮಾಗಳಿಗೆ ಸರ್ಟಿಫಿಕೇಟ್ ಕೊಡುವ ಬ್ರಿಟನ್ನಿನ ಬಿಬಿಎಫ್‌ಸಿ. ಈ ಆಟಕ್ಕೆ ಸರ್ಟಿಫಿಕೇಟ್ ಕೊಡುವುದಿಲ್ಲ ಎಂದಿತು. ವಿಡಿಯೊ ಗೇಮೊಂದಕ್ಕೆ ಅದು ಹಾಗೆ ಮಾಡಿದ್ದು ಅದೇ ಮೊದಲು. ಪ್ರಕಾಶಕರು ಜಾಣರು. ನಿಮ್ಮನ್ನು ಝಾಂಬಿಗಳನ್ನಾಗಿ ಮಾಡಿ, ರಕ್ತಕ್ಕೆ ಹಸಿರು ಬಣ್ಣ ಬಳಿದು ಅಂಗಡಿಗೆ ಕಳಿಸಿದರು. ಕಾರು ಅದೇ, ಬೀದಿ ಅದೇ, ಸೆಕೆಂಡುಗಳ ಜಮಾಖರ್ಚೂ ಅದೇ. ಸತ್ತವರನ್ನೇ ಸಾಯಿಸುವುದರಿಂದ ಮಕ್ಕಳು ಕೆಡುವುದಿಲ್ಲ ಎಂದು ಎಲ್ಲರೂ ಸಮಾಧಾನಪಟ್ಟರು. ಜರ್ಮನಿಯಲ್ಲಿ ಝಾಂಬಿಯ ಭಾಗ್ಯವೂ ಇಲ್ಲ. ಅಲ್ಲಿ ನೀವು ರೋಬೋಗಳಾದಿರಿ, ಗುದ್ದಿದರೆ ಕಪ್ಪು ಆಯಿಲ್ ಸೋರುತ್ತಿತ್ತು. ಬ್ರೆಜಿಲ್ ಈ ತಾಪತ್ರಯವೇ ಬೇಡವೆಂದು ಆಟವನ್ನೇ ನಿಷೇಧಿಸಿತು. ಅಷ್ಟರಲ್ಲಿ ಇಂಟರ್ನೆಟ್ಟಿನಲ್ಲಿ ಸಣ್ಣದೊಂದು ಫೈಲು ಓಡಾಡತೊಡಗಿತು. ಹಾಕಿಕೊಂಡರೆ ಝಾಂಬಿ ಮರಳಿ ಮನುಷ್ಯ, ಹಸಿರು ಮರಳಿ ಕೆಂಪು. ಅಹಲ್ಯೆಗೂ ಶಾಪವಿಮೋಚನೆ ಇಷ್ಟು ಸಲೀಸಾಗಿ ಆಗಿರಲಿಲ್ಲ. ಕೊನೆಗೆ ಬ್ರಿಟನ್ನಿನಲ್ಲಿ ಹತ್ತು ತಿಂಗಳ ಮೇಲ್ಮನವಿ ಗೆದ್ದು, 18 ತುಂಬಿದವರಿಗೆಂದು ಕಾನೂನು ಪ್ರಕಾರವೇ ನಿಮ್ಮ ಕೆಂಪು ರಕ್ತ ಬಿಡುಗಡೆಯಾಯಿತು. ಆ ಹೊತ್ತಿಗೆ ಕಂಪ್ಯೂಟರ್ ಮುಟ್ಟದವರಿಗೂ ಆಟದ ಹೆಸರು ಬಾಯಿಪಾಠ. ಬೈದವರಷ್ಟು ಚೆನ್ನಾಗಿ ಡಂಗುರ ಸಾರುವವರು ಇನ್ನಾರಿದ್ದಾರೆ?

ಈಗ ಮರುಹುಟ್ಟಿನ ವಿಷಯಕ್ಕೆ ಬರುತ್ತೇನೆ. 2015ರ ಮೇ ತಿಂಗಳಲ್ಲಿ ‘ಕಾರ್ಮಗೆಡ್ಡನ್: ರೀಇನ್‌ಕಾರ್ನೇಷನ್’ ಬಂತು. ಚಂದಾ ಕೊಟ್ಟವರು ಕೇಳಿದ್ದೆಲ್ಲ ಅದರಲ್ಲಿತ್ತು: ಪೀಪಾಯಿಗಳು, ಮೂಲೆಯಲ್ಲಿ ಹಲ್ಲು ಕಿರಿಯುವ ಮುಖ, ಒಂದು ಗುಂಡಿ ಒತ್ತಿದರೆ ಜಜ್ಜಿಹೋದ ಕಾರು ಕಣ್ಣೆದುರೇ ನೆಟ್ಟಗಾಗುವ ಜಾದು. ನಿಮ್ಮ ಚಪ್ಪಟೆತನ 1998ರ ಎರಡನೇ ಭಾಗದಲ್ಲೇ ನೀಗಿತ್ತು. ಈಗ ಕೈಕಾಲು ಬೇರೆಬೇರೆಯಾಗಿ ಹಾರುವ ಕಲೆ ಇನ್ನಷ್ಟು ನಯವಾಯಿತು. ಒಳ್ಳೊಳ್ಳೆಯ ಕಂಪ್ಯೂಟರುಗಳೇ ಅದನ್ನು ಹೊರಲಾರದೆ ಏದುಸಿರು ಬಿಟ್ಟವು. ಲೋಡಿಂಗ್ ಮುಗಿಯುವುದಿಲ್ಲ, ಮುಗಿದರೆ ಆಟ ಕುಂಟುತ್ತದೆ. ವಿಮರ್ಶಕರು ಹಿಂಸೆಯನ್ನು ಬಿಟ್ಟು ಫ್ರೇಮ್ ರೇಟನ್ನು ಹಿಡಿದರು. 18 ವರ್ಷಗಳಲ್ಲಿ ನಾಗರಿಕತೆ ಅಷ್ಟು ಮುಂದೆ ಬಂದಿತ್ತು ನೋಡಿ: ನಿಮ್ಮ ಸಾವು ಯಾರನ್ನೂ ಕೆರಳಿಸಲಿಲ್ಲ, ಅದು ಪರದೆಯ ಮೇಲೆ ತಡವರಿಸುತ್ತದೆ ಎಂಬುದು ಕೆರಳಿಸಿತು.

ಇದಕ್ಕೆ ನಿಮ್ಮ ದಾಯಾದಿಯೂ ಒಂದು ಕಾರಣ. ಅದೇ 1997ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ಹುಟ್ಟಿದ ‘ಗ್ರ್ಯಾಂಡ್ ಥೆಫ್ಟ್ ಆಟೋ’ 2013ರ ಐದನೇ ಭಾಗದ ಹೊತ್ತಿಗೆ ಲೋಕವನ್ನೇ ಆಳುತ್ತಿತ್ತು. ಅಲ್ಲಿ ದಾರಿಹೋಕರು ಸಾಯುವುದು ಯಾರದೋ ಅವಸರಕ್ಕೆ. ಇನ್ನೆಲ್ಲಿಗೋ ಹೊರಟವನ ಚಕ್ರಕ್ಕೆ ಸಿಕ್ಕಿ ಬೀಳುತ್ತಾರೆ, ಅವನು ಕನ್ನಡಿಯಲ್ಲೂ ನೋಡುವುದಿಲ್ಲ. ನನ್ನನ್ನು ಕೇಳಿದರೆ ಹಳೆಯ ಆಟದಲ್ಲೇ ನಿಮಗೆ ಗೌರವ ಜಾಸ್ತಿ. ಅಲ್ಲಿ ಅಟ್ಟಿಸಿಕೊಂಡು ಬರುತ್ತಿದ್ದರು. ಒಬ್ಬರು ತಪ್ಪಿಸಿಕೊಂಡರೆ ಆಟಗಾರ ಇಡೀ ಊರು ಸುತ್ತಿ ಹುಡುಕುತ್ತಿದ್ದ.

ಮರುನಿರ್ಮಾಣದವರು ಊರು ಕಟ್ಟಿದರು, ಕಾರು ಕಟ್ಟಿದರು, ನಿಮ್ಮನ್ನೂ ಕಟ್ಟಿದರು. ಬೈಯುವವರನ್ನು ಮಾತ್ರ ಕಟ್ಟಲಾಗಲಿಲ್ಲ. ಚಂದಾ ಎತ್ತುವಾಗಲೇ, ಇನ್ನೂ ಒಂದು ಲಕ್ಷ ಡಾಲರ್ ಬಂದರೆ ಒಬ್ಬ ಕೋಪಿಷ್ಠ ಸೆನ್ಸಾರ್ ಅಧಿಕಾರಿಯನ್ನೂ ಒದಗಿಸಲಾಗುವುದು ಎಂದು ಸೇರಿಸಬೇಕಿತ್ತು. 2016ರಲ್ಲಿ ‘ಮ್ಯಾಕ್ಸ್ ಡ್ಯಾಮೇಜ್’ ಎಂಬ ಹೆಸರಿನಲ್ಲಿ ಆಟ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳಿಗೆ ಬಂದಾಗ ಪೋಕೆಮಾನ್ ಗೋ ಹುಚ್ಚು ಊರು ತುಂಬಿತ್ತು. ಆ ಆಟದವರನ್ನೇ ಗುದ್ದುವ ಒಂದು ಟ್ರೇಲರ್ ಬಿಟ್ಟು ನೋಡಿದರು. ಜನ ನಕ್ಕರು. ನಕ್ಕರೆ ಏನು ಬಂತು? 2018ರಲ್ಲಿ ನಿಮ್ಮನ್ನು ವಿಯೆನ್ನಾದ ಟಿಎಚ್‌ಕ್ಯು ನಾರ್ಡಿಕ್ ಕಂಪನಿಗೆ ಮಾರಿದರು.

2025ರಲ್ಲಿ ಇನ್ನೊಂದು ಘೋಷಣೆಯಾಯಿತು: ಇಟಲಿಯ 34ಬಿಗ್‌ಥಿಂಗ್ಸ್ ಸ್ಟುಡಿಯೊದ ‘ಕಾರ್ಮಗೆಡ್ಡನ್: ರೋಗ್ ಶಿಫ್ಟ್’. ಕಥೆ ನಡೆಯುವುದು 2050ರಲ್ಲಿ. ಲೋಕ ಹಾಳಾಗಿದೆ, ಬೀದಿಗಳಲ್ಲಿ ನಿಮ್ಮ ಜಾಗಕ್ಕೆ ಝಾಂಬಿಗಳು ಬಂದಿದ್ದಾರೆ. ಯಾವ ಮಂಡಳಿಯ ಒತ್ತಾಯವೂ ಇಲ್ಲದೆ, ಹತ್ತು ತಿಂಗಳು ಹೋರಾಡಿ ಗಳಿಸಿದ ನಿಮ್ಮ ಮನುಷ್ಯಜನ್ಮವನ್ನು ಈ ಸಲ ಒಡೆಯರೇ ಖುಷಿಯಿಂದ ಬಿಟ್ಟುಕೊಟ್ಟಿದ್ದಾರೆ. ಇದು ನ್ಯಾಯವಲ್ಲ. ನೀವು ಮೇಲ್ಮನವಿಗೆ ಹೋಗುವುದಾದರೆ ತಿಳಿಸಿ, ವಕೀಲರ ಫೀಸಿಗೆ ಚಂದಾ ಎತ್ತೋಣ. ಹಿಂದೆ ಕೊಟ್ಟ 15 ಸಾವಿರ ಮಂದಿ ಇನ್ನೂ ಇದ್ದಾರೆ. ವಕಾಲತ್ತಿಗೆ ಸಹಿ ಹಾಕಲು ನಿಮ್ಮಲ್ಲೊಬ್ಬರನ್ನು ಕಳಿಸಿಕೊಡಿ. ನಡೆದುಕೊಂಡು ಬರುವುದು ಬೇಡ, ಆಟೋ ಮಾಡಿಕೊಂಡು ಬರಲಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಹಳೆಯ ಚಾಲಕ