ಕೂಸಿಗೊಂದು ಚಿಲಕ

ಮೊದಲು ನಮ್ಮ ಕೊಪ್ಪಳ, ಕುಷ್ಟಗಿ ಕಡೆಯ ಅಡುಗೆಮನೆಗೆ ಕೂಸು ಡ್ರಾಯರ್ ತೆರೆಯದಂತೆ ತಡೆಯುವ ಚಿಲಕ ಬೇಕೇ ಇರಲಿಲ್ಲ. ಹಾಲು ಬೆಣ್ಣೆ ನೆಲುವಿನ ಮೇಲೆ, ಉಪ್ಪಿನಕಾಯಿ ಮಾಡದೊಳಗೆ, ಬೆಲ್ಲ ಅಜ್ಜಿಯ ಕಣ್ಗಾವಲಿನಲ್ಲಿ. ಈಗ ಮಾಡ್ಯುಲರ್ ಕಿಚನ್ ಬಂದು ಎಲ್ಲವೂ ಕೂಸಿನ ಎತ್ತರಕ್ಕೆ ಇಳಿದಿದೆ. ಭೌಗೋಳಿಕ ಗುರುತು ಪಡೆದ ಕಿನ್ನಾಳದ ಗೊಂಬೆ ಕೈಗಿಟ್ಟರೂ ಅದನ್ನು ಒಗೆದು ಡ್ರಾಯರಿನ ಕಡೆಗೇ ಅಂಬೆಗಾಲು!

ಈ ಚಿಲಕಗಳಲ್ಲಿ ಅಂಟಿಸುವ ಪಟ್ಟಿ ಅಗ್ಗ. ಆದರೆ ಒಗ್ಗರಣೆಯ ಜಿಡ್ಡು ಒರೆಸದೆ ಅಂಟಿಸಿದಿರೋ, ಕೊಪ್ಪಳದ ಗವಿಮಠದ ಜಾತ್ರೆಯ ಮಿರ್ಚಿ ನೆನಪಾಗಿ ಮನೆಯಲ್ಲೂ ಎಣ್ಣೆ ಇಟ್ಟ ದಿನವೇ ಕಿತ್ತು ಬರುತ್ತದೆ. ಸ್ಕ್ರೂ ಹಾಕುವ ಕೊಕ್ಕೆ ಗಟ್ಟಿ. ಆದರೆ ಡ್ರಾಯರ್ ತುಸು ತೆರೆದು ನಿಲ್ಲುತ್ತದೆ, ಆ ಸಂದಿಗೆ ಪುಟ್ಟ ಬೆರಳು ಹೋಗುತ್ತದೆ. ಒಳಗೆ ಕೂರುವ ಆಯಸ್ಕಾಂತದ ಚಿಲಕ ಹೊರಗೆ ಕಾಣುವುದಿಲ್ಲ. ಬೇಕಾದ ಹೊತ್ತಿಗೆ ಅದರ ಕೀಲಿಯೂ ಕಾಣುವುದಿಲ್ಲ. ಗಂಗಾವತಿಯಿಂದ ಬಂದ ಅತ್ತಿ ಕೇಳಿದರು: “ತಮ್ಮಾ, ಚಾಪುಡಿ ಕೂಸಿಗೆ ಬಚ್ಚಿಟ್ಟೀಯೋ, ನನಗೋ?”

ನನ್ನ ತೀರ್ಪು ಇಷ್ಟು: ಫಿನಾಯಿಲ್, ಆಸಿಡ್ ಅಟ್ಟಕ್ಕೆ; ಚಾಕು, ಈಳಿಗೆ ಆಯಸ್ಕಾಂತದ ವಶಕ್ಕೆ. ಸ್ಟೀಲ್ ಬಟ್ಟಲಿನ ಡ್ರಾಯರ್ ಕೂಸಿಗೇ ಬಿಡಿ. ಸದ್ದು ನಿಂತರೆ ಮಾತ್ರ ಓಡಿ ಹೋಗಿ ನೋಡಿ.