ಮೃತ ಕಂಪನಿಯ ವಾರಂಟಿಗೆ ಸದ್ಗತಿ ಉಂಟೆ?

ಮೊದಲು ವ್ಯುತ್ಪತ್ತಿ. ವಾರ + ಅಂಟಿ = ವಾರಂಟಿ, ಲೋಪಸಂಧಿ. ವಾರದ ಮಟ್ಟಿಗೆ ಅಂಟಿಕೊಂಡಿರುವುದು ಎಂದರ್ಥ. ಇದು ಇಂಗ್ಲಿಷ್ ಶಬ್ದವೆಂದು ವಾದಿಸುವ ಪಂಡಿತರೂ ಇದ್ದಾರೆ; ಅವರು ಸರ್ವಿಸ್ ಸೆಂಟರಿನ ಮೆಟ್ಟಿಲು ಹತ್ತಿದವರಲ್ಲ. (ಇದರ ಒಡಹುಟ್ಟಾದ ಗ್ಯಾರಂಟಿಯು 2023ರ ಚುನಾವಣೆಯಿಂದೀಚೆಗೆ ರಾಜ್ಯಶಾಸ್ತ್ರ ವಿಭಾಗಕ್ಕೆ ವರ್ಗವಾಗಿರುವುದರಿಂದ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.)

ಇನ್ನು ಪ್ರಶ್ನೆ. ಕೊಟ್ಟ ಕಂಪನಿ ದಿವಾಳಿಯೆದ್ದ ಮೇಲೆ ವಾರಂಟಿ ಉಳಿಯುತ್ತದೆಯೆ? ದ್ವೈತಿಗಳ ಪ್ರಕಾರ ಕಂಪನಿ ಬೇರೆ, ಕಾರ್ಡು ಬೇರೆ; ಕಾರ್ಡು ಬೀರುವಿನಲ್ಲಿ ಭದ್ರವಾಗಿದೆ, ಆದ್ದರಿಂದ ವಾರಂಟಿ ಸತ್ಯ. ಅದ್ವೈತಿಗಳಿಗೆ ಕಂಪನಿಯೇ ವಾರಂಟಿ. ಅದು ಹೋದ ಮೇಲೆ ಉಳಿದದ್ದು ಕಾಗದವೆಂಬ ಮಾಯೆ. ನಮ್ಮ ಬಡಾವಣೆಯ ಅಂಗಡಿಯವರು ಅದ್ವೈತಿಗಳು. ಹತ್ತು ವರ್ಷದ ಕಂಪ್ರೆಸರ್ ವಾರಂಟಿಯಿದ್ದ ನನ್ನ ಫ್ರಿಜ್ಜು ಮೂರನೇ ವರ್ಷಕ್ಕೆ ತಾನೇ ತಣ್ಣಗಾದಾಗ, "ಕಂಪನೀನೇ ಇಲ್ವಲ್ಲ ಸಾರ್" ಎಂದು ಒಂದೇ ವಾಕ್ಯದಲ್ಲಿ ಭಾಷ್ಯ ಮುಗಿಸಿದರು.

ಆಕರ ಗ್ರಂಥ 2016ರ ದಿವಾಳಿ ಸಂಹಿತೆ. ಅದರಂತೆ ಅರ್ಜಿ ಅಂಗೀಕಾರವಾದ ಕೂಡಲೇ ಕಂಪನಿ ಸಾಯುವುದಿಲ್ಲ. 180 ದಿನ, ಎಳೆದರೆ 330 ದಿನ ಅದಕ್ಕೆ ತ್ರಿಶಂಕು ಸ್ಥಿತಿ. ಅಲ್ಲಿಯವರೆಗೆ ಅದರ ಮೇಲೆ ದಾವೆ ಹೂಡುವಂತಿಲ್ಲ. ಕೊಳ್ಳುವವರು ಸಿಕ್ಕರೆ ಪುನರ್ಜನ್ಮ. ಆದರೆ ಪೂರ್ವಜನ್ಮದ ವಾರಂಟಿ ನೆನಪಾಗಬೇಕಾದರೆ ಅದನ್ನು ಯೋಜನೆಯಲ್ಲಿ ಬರೆದಿರಬೇಕು. ಯಾರೂ ಸಿಗದಿದ್ದರೆ ಸಮಾಪನ.

ಆಗ ನಡೆಯುವುದೇ 53ನೇ ಕಲಮಿನ ಊಟದ ಪಂಕ್ತಿ. ಮೊದಲು ಕೂರುವವರು ಅಡುಗೆಯವರು, ಅಂದರೆ ದಿವಾಳಿ ಪ್ರಕ್ರಿಯೆಯದೇ ಖರ್ಚು. ಎರಡನೇ ಪಂಕ್ತಿಗೆ ಕಾರ್ಮಿಕರ 24 ತಿಂಗಳ ಬಾಕಿ, ಪಕ್ಕದ ಎಲೆಗೇ ಅಡವು ಹಿಡಿದ ಬ್ಯಾಂಕುಗಳು. ಆಮೇಲೆ ಉಳಿದ ನೌಕರರ 12 ತಿಂಗಳ ಸಂಬಳ, ಅಡವಿಲ್ಲದೆ ಸಾಲ ಕೊಟ್ಟವರು, ಸರ್ಕಾರ. ಇವರೆಲ್ಲ ಕೈ ತೊಳೆದ ಮೇಲೆ 'ಇತರರು'. ಕಾರ್ಡು ಹಿಡಿದ ನಾವು ಅಲ್ಲಿ. ಹೋಳಿಗೆ ಮುಗಿದಿದೆ, ತುಪ್ಪದ ಮಾತು ಬೇಡ. ಎಲೆ ತುದಿಯ ಉಪ್ಪು ಮಾತ್ರ ಖಚಿತ. ನಮ್ಮ ಹಿಂದೆ ಷೇರುದಾರರು ಇನ್ನೂ ಹಸಿದು ನಿಂತಿದ್ದಾರೆಂಬುದೇ ಸಮಾಧಾನ.

ಆ ಎಲೆಗೂ ಹಕ್ಕು ಸಲ್ಲಿಸಬೇಕು. ಅದರ ಪ್ರಕಟಣೆ ಬರುವುದು ಕಂಪನಿಯ ಕಚೇರಿಯಿರುವ ಕಡೆ ಓಡಾಡುವ ಒಂದು ಇಂಗ್ಲಿಷ್, ಒಂದು ಪ್ರಾದೇಶಿಕ ಪತ್ರಿಕೆಯಲ್ಲಿ. ಕಚೇರಿ ಮಹಾರಾಷ್ಟ್ರದಲ್ಲಿದ್ದರೆ, ತುಮಕೂರಿನಲ್ಲಿ ಬೋಂಡ ಕಟ್ಟಿಕೊಟ್ಟ ಕಾಗದದಲ್ಲೂ ಅದು ಸಿಗದು.

ನಿದರ್ಶನಕ್ಕೆ ವಿಡಿಯೋಕಾನ್. ಆ ಬಳಗದ ಸುಮಾರು 64,800 ಕೋಟಿ ರೂಪಾಯಿ ಬಾಕಿಗೆ 2021ರಲ್ಲಿ ಒಪ್ಪಿಗೆಯಾದ ಬೆಲೆ 2,962 ಕೋಟಿ. ಇಂಥ ಕಡಿತಕ್ಕೆ ಬ್ಯಾಂಕಿನವರು ಹೇರ್‌ಕಟ್ ಎನ್ನುತ್ತಾರೆ. ಇದು ಕ್ಷೌರವೋ ಮುಂಡನವೋ ಎಂದು ಮುಂಬೈಯ ನ್ಯಾಯಮಂಡಳಿ ಆದೇಶದಲ್ಲೇ ಉದ್ಗಾರ ತೆಗೆಯಿತು. (2022ರ ಜನವರಿಯಲ್ಲಿ ಮೇಲ್ಮನವಿಯಲ್ಲಿ ಆ ಯೋಜನೆಯೇ ಬಿದ್ದುಹೋಯಿತು. ತಲೆ ಬೋಳಿಸಿದ ಮೇಲೆ ಮುಹೂರ್ತ ಸರಿಯಿಲ್ಲವೆಂದ ಹಾಗೆ.)

ಪೂರ್ವಪಕ್ಷ: ಮಾರಿದವನನ್ನೇ ಹಿಡಿಯಬಾರದೆ? 2019ರ ಗ್ರಾಹಕ ಕಾಯಿದೆಯಂತೆ, ತಯಾರಕ ಕೈಗೆ ಸಿಗದಿದ್ದರೆ ದೋಷದ ವಸ್ತುವಿನಿಂದಾದ ಹಾನಿಗೆ ಮಾರಿದವನೂ ಹೊಣೆ. ಆದರೆ ಅಲ್ಲಿ 'ಹಾನಿ' ಎಂದರೆ ವಸ್ತುವಿಗೇ ಆದ ಹಾನಿಯಲ್ಲ. ಫ್ರಿಜ್ಜು ಸಿಡಿದು ಮೀಸೆ ಸುಟ್ಟರೆ ಮೀಸೆಗೆ ಪರಿಹಾರ ಕೇಳಬಹುದು, ಆ ಅಧ್ಯಾಯದಲ್ಲಿ ಫ್ರಿಜ್ಜಿಗೆ ಕೇಳುವಂತಿಲ್ಲ. ನನ್ನದು ಯಾರ ಕೂದಲೂ ಕೊಂಕದಂತೆ ಸತ್ತು ನನಗೆ ದ್ರೋಹ ಬಗೆಯಿತು. ದೋಷದ ಸರಕೆಂದು ಬೇರೆ ದೂರು ಕೊಡುವ ದಾರಿಯೇನೋ ಇತ್ತು. ಅದಕ್ಕೆ ಬಿಲ್ಲು ಬೇಕು. ಬಿಲ್ಲಿನ ಅಕ್ಷರಗಳು ಕಂಪನಿಗಿಂತ ಮೊದಲೇ ಮಾಯವಾಗಿದ್ದವು.

ಆ ಫ್ರಿಜ್ಜಿನಲ್ಲಿ ಈಗ ನಮ್ಮ ಮನೆಯವಳು ಬೇಳೆಕಾಳು ಇಡುತ್ತಾಳೆ, ಇಲಿಯ ಕಾಟವಿಲ್ಲ. ವಾರಂಟಿ ಕಾರ್ಡನ್ನೂ ಅಲ್ಲೇ ಇಟ್ಟಿದ್ದೇನೆ. ಇನ್ನೂ ಏಳು ವರ್ಷ ಬಾಕಿಯಿದೆ.